ಖಾಲಿ ಹೊಟ್ಟೆಗೆ ಕಾಚಂಪುಳಿ ನೀರೋ, ಜೀರಿಗೆ ಕಷಾಯವೋ, ಹಸಿರು ಕಾಫಿಯೋ?

ಹೆರಿಗೆಯಾಗಿ ವರ್ಷವಾಗುತ್ತ ಬಂದರೂ ತೂಕ ಇಳಿಯುತ್ತಿಲ್ಲ, ಏಪ್ರಿಲ್‌ನಲ್ಲಿ ಮನೆಯಲ್ಲಿ ಮದುವೆಯಿದೆ, ಕೊಡಗಿನ ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿಯ ನೀರು, ಜೀರಿಗೆ ಕಷಾಯ, ಹಸಿರು ಕಾಫಿ, ಈ ಮೂರರಲ್ಲಿ ಯಾವುದು ಬೇಗ ಕೆಲಸ ಮಾಡುತ್ತದೆ ಎಂದು ನೀವು ಕೇಳಿದ್ದೀರಿ. ಪ್ರಶ್ನೆಯ ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲ ಎಂಬಂತೆ, ಇತ್ತೀಚೆಗೆ ವಿಪರೀತ ಸುಸ್ತು, ಮೈಯೆಲ್ಲ ಚಳಿ ಎಂದೂ ಸೇರಿಸಿದ್ದೀರಿ. ನಾನು ಉತ್ತರ ಬರೆಯಲು ಕುಳಿತದ್ದು ಆ ಕೊನೆಯ ಮಾತಿಗಾಗಿ.

ನಾನು ನಾಪೋಕ್ಲು ಕಡೆಯವಳು. ಎರಡನೆಯ ಮಗುವಾದ ಮೇಲೆ ನನಗೂ ಹೀಗೆಯೇ ಆಗಿತ್ತು. ಆದರೆ ಕೊಡಗಿನ ಮಳೆಗಾಲದಲ್ಲಿ ಚಳಿಯಾಗುತ್ತದೆ ಎಂದರೆ ಯಾರು ಕಿವಿಗೊಡುತ್ತಾರೆ? ಕಕ್ಕಡ ತಿಂಗಳಿನಲ್ಲಿ ಇಡೀ ಊರೇ ಒಲೆಯ ಮುಂದೆ ಕುಳಿತಿರುತ್ತದೆ. ಸುಸ್ತು ಎಂದರೆ ಮಗು ರಾತ್ರಿ ಮಲಗುವುದಿಲ್ಲ ಎಂದರು, ಕೂದಲು ಉದುರುತ್ತದೆ ಎಂದರೆ ಬಾಣಂತಿಯರಿಗೆ ಅದು ಸಹಜ ಎಂದರು, ಮುಖ ಊದಿಕೊಂಡರೆ ಮೈ ತುಂಬಿಕೊಂಡಿದೆ ಎಂದು ಸಂತೋಷಪಟ್ಟರು. ಕೊನೆಗೆ ಮಡಿಕೇರಿಯ ವೈದ್ಯರೊಬ್ಬರು ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಿತು. ದಿನಕ್ಕೊಂದು ಪುಟ್ಟ ಮಾತ್ರೆ ಬರೆದುಕೊಟ್ಟರು. ಸುಸ್ತು ಹೋಯಿತು, ಚಳಿ ಹೋಯಿತು, ತೂಕವೂ ಸ್ವಲ್ಪ ಇಳಿಯಿತು. ಆದರೆ ನನಗೆ ಬೇಕಾದಷ್ಟು ಇಳಿಯಲಿಲ್ಲ.

ಆ ಹೊತ್ತಿಗೆ ನನ್ನ ಓರಗಿತ್ತಿಯ ವಾಟ್ಸ್‌ಆ್ಯಪ್‌ಗೆ ಒಂದು ವಿಡಿಯೊ ಬಂತು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಕಾಚಂಪುಳಿ, ಎರಡು ಚಮಚ ಜೇನು, ಚಿಟಿಕೆ ಕರಿಮೆಣಸಿನ ಪುಡಿ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಕುಡಿದು, ಒಂದು ಗಂಟೆ ಬೇರೇನನ್ನೂ ಮುಟ್ಟಬಾರದು. ರಾತ್ರಿ ಊಟದ ಬದಲು ಜೀರಿಗೆ ಮೆಂತ್ಯದ ಕಷಾಯ. ನಮ್ಮ ನೆಲದ ಪದಾರ್ಥವೇ ಆದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಾಚಂಪುಳಿ ನಮ್ಮ ಮನೆಯಲ್ಲಿ ಅಂಗಡಿಯಿಂದ ತರುವ ವಸ್ತುವಲ್ಲ. ಮಳೆಗಾಲದಲ್ಲಿ ಮರದಡಿ ಬಿದ್ದ ಹಣ್ಣನ್ನು ಅವ್ವ ಬುಟ್ಟಿಯಲ್ಲಿ ಗುಡ್ಡೆ ಹಾಕಿ, ಕೆಳಗೆ ಪಾತ್ರೆಯಿಟ್ಟು, ಹಣ್ಣು ಕಳಿತು ತೊಟ್ಟಿಕ್ಕುವ ರಸವನ್ನು ಹಿಡಿಯುತ್ತಿದ್ದರು. ಆ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿದರೆ ಕಪ್ಪಾಗಿ, ಮಂದವಾಗಿ, ಚಮಚದಿಂದ ತಡೆದು ತಡೆದು ಇಳಿಯುವ ಹದಕ್ಕೆ ಬರುತ್ತದೆ. ಹೊಗೆಯ ವಾಸನೆಯೂ ಹುಳಿಯೂ ಸೇರಿ ಅಡುಗೆಮನೆಯಲ್ಲಿ ಕಣ್ಣು ಉರಿಯುತ್ತದೆ. ವರ್ಷಗಟ್ಟಲೆ ಕೆಡದ ಈ ಹುಳಿಯನ್ನು ಒಂದು ಪಾತ್ರೆ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವುದೇ ಒಂದೆರಡು ಚಮಚ. ಅಷ್ಟು ತೀಕ್ಷ್ಣವಾದುದನ್ನು ದಿನವೂ ಬರಿಹೊಟ್ಟೆಗೆ ಕುಡಿಯಬಹುದೇ ಎಂದು ಅವ್ವ ಕೇಳಿದ್ದರು. ವಿಡಿಯೊದವರಿಗಿಂತ ಅವ್ವನಿಗೆ ಹೆಚ್ಚು ಗೊತ್ತಿರಲು ಹೇಗೆ ಸಾಧ್ಯ ಎಂಬುದು ನನ್ನ ಅಂದಿನ ಧೋರಣೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ, ಏಕೆಂದರೆ ನಾನು ಮಾಡಿದ್ದು ಏನು ಎಂಬುದು ನನಗೇ ಬಹಳ ಕಾಲ ಅರ್ಥವಾಗಿರಲಿಲ್ಲ. ಕಾಚಂಪುಳಿ ಕುಡಿದದ್ದು ನನ್ನ ತಪ್ಪಲ್ಲ. ಖಾಲಿ ಹೊಟ್ಟೆಯನ್ನು ಅದಕ್ಕೆ ಬಿಟ್ಟುಕೊಟ್ಟದ್ದು ತಪ್ಪು. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿ ನೀರಿನೊಂದಿಗೆ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಂಡರೆ ಅದರ ಶೇಕಡಾ 70ರಿಂದ 80ರಷ್ಟು ಮೈಗೆ ಸೇರುತ್ತದೆ. ತಿಂಡಿಯ ಜೊತೆ, ಅದರಲ್ಲೂ ಕಾಫಿಯ ಜೊತೆ ತೆಗೆದುಕೊಂಡರೆ ಆ ಪ್ರಮಾಣ ಕುಸಿಯುತ್ತದೆ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಾದರೆ ನಾಲ್ಕು ಗಂಟೆಗಳ ಅಂತರವೇ ಬೇಕು, ಮತ್ತು ಬಾಣಂತಿಯರಿಗೆ ಈ ಎರಡನ್ನೂ ಕೊಟ್ಟಿರುತ್ತಾರೆ. ಕಾಚಂಪುಳಿ ನೀರಿನ ನಂತರ ಒಂದು ಗಂಟೆ ಏನನ್ನೂ ಮುಟ್ಟಬಾರದೆಂಬ ನಿಯಮವನ್ನು ನಾನು ಮಾತ್ರೆಗೂ ಅನ್ವಯಿಸಿದೆ. ಹೀಗಾಗಿ ಮಾತ್ರೆ ನಮ್ಮ ಅಕ್ಕಿ ಒಟ್ಟಿಯ (ಅಕ್ಕಿ ರೊಟ್ಟಿಯ) ಜೊತೆಗೆ ಹೋಯಿತು, ಬೆಲ್ಲದ ಕಾಫಿಯಲ್ಲಿ ನುಂಗುವ ಅಭ್ಯಾಸವಾಯಿತು, ಕೆಲಸದಾಳುಗಳು ತೋಟಕ್ಕೆ ಬರುವ ದಿನಗಳಲ್ಲಿ ಮಧ್ಯಾಹ್ನಕ್ಕೆ ಜಾರಿ, ಕೆಲವೊಮ್ಮೆ ಮರೆತೇ ಹೋಯಿತು. ಮಾತ್ರೆಯ ಬಾಟಲಿ ಒಲೆಯ ಪಕ್ಕದ ಹಲಗೆಯ ಮೇಲೆ, ಉಪ್ಪಿನ ಭರಣಿಯ ಹಿಂದೆ ಇರುತ್ತಿತ್ತು. ಶಾಖ ಮತ್ತು ತೇವ ತಾಗದಂತೆ ಇಡಬೇಕೆಂದು ಅದರ ಮೇಲೆಯೇ ಅಚ್ಚಾಗಿದ್ದುದನ್ನು ನಾನು ಓದಿದ್ದು ಬಹಳ ತಡವಾಗಿ.

ಮೋಸ ಹೋಗಲು ಇನ್ನೂ ಎರಡು ಕಾರಣಗಳು ಕೂಡಿಬಂದವು. ಮೊದಲನೆಯದು, ಆರಂಭದಲ್ಲಿ ತೂಕ ನಿಜವಾಗಿಯೂ ಇಳಿಯಿತು. ರಾತ್ರಿಯ ಊಟ ಬಿಟ್ಟರೆ ಯಾರಿಗಾದರೂ ಇಳಿಯುತ್ತದೆ: ದೇಹ ತನ್ನೊಳಗೆ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟವನ್ನು ಖರ್ಚು ಮಾಡುತ್ತದೆ, ಅದರ ಪ್ರತಿ ಗ್ರಾಂ ಜೊತೆಗಿರುವ ಸುಮಾರು ಮೂರು ಗ್ರಾಂ ನೀರು ಹೊರಹೋಗುತ್ತದೆ, ತಕ್ಕಡಿಯ ಮುಳ್ಳು ಹಿಂದೆ ಸರಿಯುತ್ತದೆ. ಕೊಬ್ಬು ಬಹುಪಾಲು ಇದ್ದಲ್ಲೇ ಇರುತ್ತದೆ. ನಾನು ಅದನ್ನು ಕಾಚಂಪುಳಿಯ ಖಾತೆಗೆ ಬರೆದೆ. ಎರಡನೆಯದು, ಮಾತ್ರೆಯಲ್ಲಿರುವ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ, ಇವತ್ತು ಮಾಡಿದ ಎಡವಟ್ಟು ನಾಳೆ ಗೊತ್ತಾಗುವುದಿಲ್ಲ. ವಾರಗಳು ಕಳೆದ ಮೇಲೆ, ಕಾರಣವನ್ನು ಮರೆತ ಮೇಲೆ, ಸುಸ್ತು ಮೆಲ್ಲಗೆ ಮರಳುತ್ತದೆ. ಮರಳಿತು. ತೂಕವೂ ಏರಿತು. ಆಗ ನಾನೇನು ಮಾಡಿದೆ ಎಂದುಕೊಂಡಿರಿ? ಕಾಚಂಪುಳಿಯನ್ನು ಎರಡು ಚಮಚ ಮಾಡಿದೆ.

ಮುಂದಿನ ಪರೀಕ್ಷೆಯಲ್ಲಿ, ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಹೆಚ್ಚಾಗುವ ಹಾರ್ಮೋನಾದ ಟಿಎಸ್‌ಎಚ್ ಬಹಳ ಏರಿತ್ತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ವೈದ್ಯರು ಕೇಳಿದರು, ದಿನವೂ ತೆಗೆದುಕೊಳ್ಳುತ್ತೇನೆ ಎಂದೆ. ಬೇರೇನಾದರೂ ಸೇವಿಸುತ್ತೀರಾ ಎಂದು ಕೇಳಿದರು, ಇಲ್ಲ ಎಂದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಅಡುಗೆಮನೆಯ ಹುಳಿಯನ್ನು ವೈದ್ಯರ ಮುಂದೆ ಹೇಳುವ ವಿಷಯವೆಂದು ನಾನು ಎಣಿಸಿಯೇ ಇರಲಿಲ್ಲ. ಅವರು, ನ್ಯಾಯವಾಗಿಯೇ, ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದರು. ಕೆಲಕಾಲದ ನಂತರ ಎದೆಯುರಿ ತಾಳಲಾಗದೆ, ಹಲ್ಲು ಜುಮ್ಮೆನ್ನುವುದೂ ಶುರುವಾಗಿ, ನಾನು ಆ ನೀರನ್ನು ನಿಲ್ಲಿಸಿದೆ. ಖಾಲಿ ಹೊಟ್ಟೆ ಮತ್ತೆ ಮಾತ್ರೆಗೆ ದಕ್ಕಿತು. ಹೆಚ್ಚಿಸಿದ ಪ್ರಮಾಣವೆಲ್ಲ ಪೂರ್ತಿಯಾಗಿ ಮೈಗೆ ಸೇರತೊಡಗಿತು. ಎದೆ ಡವಡವ ಹೊಡೆದುಕೊಳ್ಳುವುದು, ಲೋಟ ಹಿಡಿದರೆ ಕೈ ನಡುಗುವುದು, ರಾತ್ರಿಯಿಡೀ ನಿದ್ದೆಯಿಲ್ಲ. ಹೃದಯದ್ದೇ ತೊಂದರೆ ಎಂದು ಮನೆಯವರು ಹೆದರಿ ಮೈಸೂರಿಗೆ ಕರೆದುಕೊಂಡು ಹೋದರು. ಇಸಿಜಿ, ಎಕೋ, ಎರಡು ಕಡೆ ರಕ್ತ ಪರೀಕ್ಷೆ, ತೋಟದ ಕೊಯ್ಲಿನ ಸಮಯದಲ್ಲಿ ಆಸ್ಪತ್ರೆಯ ಓಡಾಟ. ಅಲ್ಲಿ ಒಬ್ಬ ನರ್ಸ್ ದಿನಚರಿಯನ್ನು ಬೆಳಿಗ್ಗೆ ಎದ್ದಾಗಿನಿಂದ ಒಂದೊಂದಾಗಿ ಹೇಳಿ ಎಂದಾಗ ಮಾತ್ರ ಇಡೀ ಕಥೆ ಹೊರಬಂತು. ಪ್ರಮಾಣವನ್ನು ಮತ್ತೆ ಹಳೆಯದಕ್ಕೆ ಇಳಿಸಿದರು, ಎಲ್ಲವೂ ಸರಿಹೋಯಿತು.

ನಿಮ್ಮ ಮೂರು ಆಯ್ಕೆಗಳ ಬಗ್ಗೆ ಇಷ್ಟು ಹೇಳುತ್ತೇನೆ. ಕಾಚಂಪುಳಿಯ ಹಣ್ಣನ್ನೇ ಮಲೆನಾಡಿನವರು ಉಪ್ಪಾಗೆ ಎನ್ನುತ್ತಾರೆ. ಗಾರ್ಸೀನಿಯಾ ಕಾಂಬೋಜಿಯಾ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಗುವುದು ಇದೇ. ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು, ದೇಹ ಪಿಷ್ಟವನ್ನು ಕೊಬ್ಬಾಗಿ ಮಾರ್ಪಡಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆ ಎಂಬುದು ನಿಜ. ಆದರೆ ಮನುಷ್ಯರ ಮೇಲೆ ಏನಾಯಿತು ಎಂದು ನೋಡಿ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 135 ಮಂದಿಗೆ ಒಂದೇ ಬಗೆಯ ಮಿತಾಹಾರ ಕೊಟ್ಟು, ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲವನ್ನೂ ಇನ್ನೊಂದು ಗುಂಪಿಗೆ ಔಷಧಾಂಶವಿಲ್ಲದ ಮಾತ್ರೆಯನ್ನೂ 12 ವಾರ ಕೊಟ್ಟರು. ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೊ ಇಳಿದರು, ಬರಿಯ ಮಾತ್ರೆಯವರು 4.1 ಕಿಲೊ. ಆ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ, ಆದರೆ ಹುಳಿಯ ಪರವಾಗಿಯಂತೂ ಇಲ್ಲ. ಗಾರ್ಸೀನಿಯಾ ಇರುವ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಇದೇ ಹಣ್ಣಿನ ಬೀಜದಿಂದ ಮಲೆನಾಡಿನಲ್ಲಿ ಉಪ್ಪಾಗೆ ತುಪ್ಪ ತೆಗೆಯುತ್ತಾರೆ ಎಂಬುದನ್ನು ಮಾತ್ರ ಯಾವ ವಿಡಿಯೊದಲ್ಲೂ ನಾನು ಕಂಡಿಲ್ಲ.

ಹಸಿರು ಕಾಫಿ ನಮ್ಮಲ್ಲಿ ಕಣದಲ್ಲೇ ಬಿದ್ದಿರುವುದರಿಂದ ಅದರ ಆಸೆ ಇನ್ನೂ ಹೆಚ್ಚು. ಹುರಿಯದ ಬೀಜದ ಸಾರದಿಂದ ತೂಕ ಇಳಿಯುತ್ತದೆಂದು ಹೆಸರು ಮಾಡಿದ 2012ರ ಅಧ್ಯಯನ ನಡೆದದ್ದು ಭಾರತದಲ್ಲಿ, 16 ಮಂದಿಯ ಮೇಲೆ. ಅದರ ಅಂಕಿಅಂಶಗಳನ್ನು ದೃಢಪಡಿಸಲಾಗದೆ 2014ರಲ್ಲಿ ಆ ಪ್ರಬಂಧವನ್ನೇ ಹಿಂತೆಗೆದುಕೊಳ್ಳಲಾಯಿತು. ಜೀರಿಗೆ ಮೆಂತ್ಯದಿಂದ ಹೊಟ್ಟೆಗೆ ಹಿತವೆನಿಸಬಹುದು, ಆದರೆ ಹಸಿವನ್ನು ತಣಿಸುವ ಮೆಂತ್ಯದ ನಾರು ಬಹುಪಾಲು ಸೋಸುವ ಜಾಲರಿಯಲ್ಲೇ ಉಳಿದುಬಿಡುತ್ತದೆ. ಇನ್ನು ಜೇನು: ಒಂದು ದೊಡ್ಡ ಚಮಚದಲ್ಲಿ ಸುಮಾರು 60 ಕ್ಯಾಲೊರಿ. ನಾನು ತೂಕ ಇಳಿಸಲೆಂದು ದಿನವೂ ಕುಡಿದ ನೀರಿನಲ್ಲಿ ಅದು ಎರಡು ಚಮಚ ಇತ್ತು.

ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ತಿನ್ನುವುದಿಲ್ಲವೇ, ನಮ್ಮ ಹಿರಿಯರು ದಡ್ಡರೇ ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನೂ ತಿನ್ನುತ್ತೇನೆ. ಅದು ಆಗಸ್ಟ್ 3ರ ಸುಮಾರಿಗೆ ವರ್ಷಕ್ಕೊಮ್ಮೆ, ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ, ಮನೆಮಂದಿಯೆಲ್ಲ ಕುಳಿತು ಉಣ್ಣುವ ಅಡುಗೆ. ಅದನ್ನುಂಡು ತೆಳ್ಳಗಾಗುತ್ತೇವೆ ಎಂದು ಯಾವ ಹಿರಿಯರೂ ಹೇಳಿರಲಿಲ್ಲ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎನ್ನುವವರು ಸೋರೆಕಾಯಿ ರಸವನ್ನು ನೆನೆಯಬೇಕು. ಕಹಿಯಾದ ಸೋರೆಕಾಯಿಯ ರಸ ಕುಡಿದು ಜನ ಸತ್ತ ಮೇಲೆ, ಕಹಿಯಿದ್ದರೆ ಕುಡಿಯಲೇಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೇ ಎಚ್ಚರಿಸಬೇಕಾಯಿತು.

ಆದ್ದರಿಂದ ಯಾವುದು ಬೇಗ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ತೂಕ ಏಕೆ ನಿಂತಿದೆ ಎಂದು ಮೊದಲು ತಿಳಿಯಬೇಕು. ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದು ಅಪರೂಪವೇನಲ್ಲ. ರಕ್ತಹೀನತೆಯಿಂದಲೂ ಇಂಥದೇ ಸುಸ್ತು ಮತ್ತು ಚಳಿ ಬರಬಹುದು. ಮದುವೆಯ ರವಿಕೆಗೆ ಈಗಿನ ಅಳತೆಯನ್ನೇ ಕೊಟ್ಟುಬಿಡಿ, ಆ ಒಂದು ಆತುರ ತಪ್ಪಿದರೆ ಉಳಿದದ್ದನ್ನು ಸಮಾಧಾನದಿಂದ ಮಾಡಬಹುದು. ಈ ವಾರವೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯ ಬಗ್ಗೆ ಕೇಳಿ. ಮಗುವಿಗೆ ಇನ್ನೂ ಹಾಲೂಡಿಸುತ್ತಿದ್ದರೆ ಅದನ್ನು ಹೇಳಿ. ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಹೋಗುವ ಪ್ರತಿಯೊಂದನ್ನೂ, ಕಬ್ಬಿಣದ ಮಾತ್ರೆಯಿಂದ ಹಿಡಿದು ಓರಗಿತ್ತಿ ಕೊಟ್ಟ ಕಷಾಯದವರೆಗೆ, ಗಂಟೆಯ ಸಮೇತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಥೈರಾಯ್ಡ್ ಮಾತ್ರೆ ಕೊಟ್ಟರೆ ಬೆಳಗಿನ ಖಾಲಿ ಹೊಟ್ಟೆ ಅದಕ್ಕೆ ಮೀಸಲು, ಪ್ರಮಾಣ ಬದಲಾದ ಆರರಿಂದ ಎಂಟು ವಾರಗಳ ನಂತರ ಮರುಪರೀಕ್ಷೆ. ವರದಿ ಬಂದ ಮೇಲೆ ಅದರ ಫೋಟೊ ತೆಗೆದು ಇಲ್ಲಿ ಹಾಕಿ ನಮ್ಮ ಅಭಿಪ್ರಾಯ ಕೇಳಬೇಡಿ. ಅದನ್ನು ಓದುವ ಯೋಗ್ಯತೆ ನನಗೂ ಇಲ್ಲ, ಇಲ್ಲಿ ಉತ್ತರ ಬರೆಯುವ ಬಹಳಷ್ಟು ಜನರಿಗೂ ಇಲ್ಲ.