ನಾರಿಗಾಗಿ ಪುಂಡಿ: ಬಿತ್ತುವ ಮೊದಲು ನೀರಿನ ಲೆಕ್ಕ

ಪ್ರಶ್ನೆ: ಕೊಪ್ಪಳ ಜಿಲ್ಲೆಯಲ್ಲಿ ನಮಗೆ ನಾಲ್ಕು ಎಕರೆ ಮಸಾರಿ ಜಮೀನಿದೆ. ಮಳೆಯನ್ನೇ ನಂಬಿ ಸಜ್ಜೆ, ತೊಗರಿ ಬೆಳೆಯುತ್ತೇವೆ. ಒಂದು ಕೃಷಿ ಹೊಂಡವೂ ಇದೆ. ದಾಸವಾಳದ ಜಾತಿಗೆ ಸೇರಿದ ಕೆನಾಫ್ ಎಂಬ ನಾರಿನ ಬೆಳೆ ನಾಲ್ಕೇ ತಿಂಗಳಲ್ಲಿ ಕೈಗೆ ಬರುತ್ತದೆ, ಖರ್ಚು ಕಡಿಮೆ, ಲಾಭ ಹೆಚ್ಚು ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಮ್ಮ ಜಮೀನಿಗೆ ಇದು ಹೊಂದುತ್ತದೆಯೆ? ಎಕರೆಗೆ ಎಷ್ಟು ನಾರು ಸಿಗಬಹುದು?

ಉತ್ತರ: ಕೆನಾಫ್ ನಿಮ್ಮ ಸೀಮೆಗೆ ಹೊಸ ಬೆಳೆಯೇನಲ್ಲ. ಜೋಳದ ರೊಟ್ಟಿಯ ಜೊತೆಗೆ ಪಲ್ಯ ಮಾಡಲೆಂದು ಹೊಲದ ಅಂಚಿನಲ್ಲಿ ನಾಲ್ಕು ಸಾಲು ಬಿತ್ತುವ ಪುಂಡಿಯ ಬಳಗದ್ದೇ ಅದು. ನೈಲಾನ್ ಹಗ್ಗ ಸಂತೆಗೆ ಬರುವ ಮೊದಲು ಈ ಗಿಡಗಳನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಬಿಡಿಸಿ, ಮಿಣಿ ಮತ್ತು ಕಣ್ಣಿಗಳನ್ನು ಹೊಸೆಯುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಕಂಡಿರಬಹುದು. ನಾರಿಗಾಗಿ ಭಾರತದಲ್ಲಿ ಬೆಳೆಯುವ ದಾಸವಾಳದ ಜಾತಿಗಳು ಮುಖ್ಯವಾಗಿ ಎರಡು: ಒಂದು ಹಿಬಿಸ್ಕಸ್ ಕ್ಯಾನಬಿನಸ್, ಅಂದರೆ ಕೆನಾಫ್, ಇನ್ನೊಂದು ಹಿಬಿಸ್ಕಸ್ ಸಬ್ದಾರಿಫ, ಅಂದರೆ ರೋಸೆಲ್. ಸೆಣಬಿನ ವ್ಯಾಪಾರದಲ್ಲಿ ಎರಡರ ನಾರಿಗೂ ಮೆಸ್ತಾ ಎಂಬ ಒಂದೇ ಹೆಸರು. 1947ರ ದೇಶವಿಭಜನೆಯಲ್ಲಿ ಸೆಣಬು ಬೆಳೆಯುವ ಉತ್ತಮ ಪ್ರದೇಶದ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಹೋಗಿ, ಗಿರಣಿಗಳು ಮಾತ್ರ ಹೂಗ್ಲಿ ನದಿಯ ದಂಡೆಯಲ್ಲಿ ಉಳಿದಾಗ, ಕಚ್ಚಾವಸ್ತುವಿನ ಕೊರತೆಯನ್ನು ತುಂಬಲು ಮೆಸ್ತಾ ಬೆಳೆಗೆ ಒತ್ತು ಸಿಕ್ಕಿತು. ಆಂಧ್ರದ ಶ್ರೀಕಾಕುಳಂ ಮತ್ತು ವಿಜಯನಗರಂ ಜಿಲ್ಲೆಗಳು ಈ ಬೆಳೆಗೆ ಹೆಸರಾದವು. ಭೀಮುನಿಪಟ್ನಂ ಬಂದರಿನಿಂದ ಸಾಗುತ್ತಿದ್ದ ಕಾರಣಕ್ಕೆ ಇದೇ ನಾರನ್ನು ಬಿಮ್ಲಿ ಸೆಣಬು ಎಂದೂ ಕರೆಯುತ್ತಿದ್ದರು.

ನಿಮ್ಮದು ಮಳೆಯಾಶ್ರಿತ ಮಸಾರಿ ಜಮೀನಾದ್ದರಿಂದ ಎರಡರಲ್ಲಿ ರೋಸೆಲ್ ಹೆಚ್ಚು ಹೊಂದುತ್ತದೆ. ಕೆನಾಫ್ ಸುಮಾರು 110ರಿಂದ 130 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಅದರ ನಾರು ತುಸು ನಯವೂ ಹೌದು. ಆದರೆ ಮಳೆ ಎರಡು ವಾರ ಕೈಕೊಟ್ಟರೆ ಅದು ರೋಸೆಲ್‌ನಷ್ಟು ತಾಳಿಕೊಳ್ಳುವುದಿಲ್ಲ, ಬೇರುಗಂಟು ಜಂತುವಿನ ಕಾಟವೂ ಅದಕ್ಕೇ ಹೆಚ್ಚು. ರೋಸೆಲ್‌ಗೆ 140ರಿಂದ 150 ದಿನ ಬೇಕಾದರೂ ಬರ ಸಹಿಸುವ ಗುಣ ಅದಕ್ಕಿದೆ. ಶ್ರೀಕಾಕುಳಂ ಜಿಲ್ಲೆಯ ಆಮದಾಲವಲಸದಲ್ಲಿರುವ ಕೃಷಿ ಸಂಶೋಧನಾ ಕೇಂದ್ರದ ಎ.ಎಂ.ವಿ.-5, ಅಂದರೆ ದುರ್ಗಾ ತಳಿ, ಹಾಗೂ ಎಚ್.ಎಸ್.-4288, ಎಚ್.ಎಸ್.-7910 ತಳಿಗಳು ರೋಸೆಲ್‌ನಲ್ಲಿ ಹೆಸರಾದವು. ಕೆನಾಫ್‌ನಲ್ಲಿ ಎಚ್.ಸಿ.-583 ಹಳೆಯ, ನಂಬಬಹುದಾದ ತಳಿ.

ಬಿತ್ತನೆಯ ಕಾಲದ ವಿಷಯದಲ್ಲಿ ಮಾತ್ರ ರಿಯಾಯಿತಿಯೇ ಇಲ್ಲ. ಇವೆರಡೂ ಹಗಲು ಕಿರಿದಾದಾಗ ಹೂಬಿಡುವ ಗಿಡಗಳು. ಹಗಲಿನ ಅವಧಿ ಹನ್ನೆರಡೂವರೆ ಗಂಟೆಯ ಆಸುಪಾಸಿಗೆ ಇಳಿಯುತ್ತಿದ್ದಂತೆ ಕೆನಾಫ್ ಎತ್ತರ ಬೆಳೆಯುವುದನ್ನು ಬಿಟ್ಟು ಮೊಗ್ಗಿನ ಕಡೆಗೆ ತಿರುಗುತ್ತದೆ. ನಾರು ಇರುವುದು ಕಾಂಡದ ತೊಗಟೆಯಲ್ಲಿ. ಆದ್ದರಿಂದ ಕಾಂಡ ಎಷ್ಟು ಎತ್ತರವೋ ನಾರು ಅಷ್ಟು. ಬಂಗಾಳ, ಬಿಹಾರಗಳಿಗೆ ಹೋಲಿಸಿದರೆ ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ಹಗಲೂ ಅಷ್ಟೇನೂ ಉದ್ದವಲ್ಲವಾದ್ದರಿಂದ, ಬೆಳವಣಿಗೆಗೆ ಸಿಗುವ ಕಾಲ ಮೊದಲೇ ಕಡಿಮೆ. ಮೇ ಕೊನೆಯ ವಾರದಿಂದ ಜೂನ್ ಮಧ್ಯದೊಳಗೆ, ರೋಹಿಣಿ ಅಥವಾ ಮೃಗಶಿರಾ ಮಳೆಗೆ ಬಿತ್ತಿದ ಗಿಡ ಆಳೆತ್ತರವನ್ನು ದಾಟಿ ಬೆಳೆದರೆ, ಆಗಸ್ಟ್‌ನಲ್ಲಿ ಬಿತ್ತಿದ ಗಿಡ ಎದೆಯುದ್ದಕ್ಕೇ ಹೂಬಿಟ್ಟು ನಿಲ್ಲುತ್ತದೆ. ಅಂಥ ಬೆಳೆಯಲ್ಲಿ ಬೀಜ ಸಿಗಬಹುದೇ ಹೊರತು ನಾರು ಸಿಗುವುದಿಲ್ಲ. ವಿಡಿಯೊಗಳಲ್ಲಿ ಈ ಮಾತನ್ನು ಹೇಳುವವರನ್ನು ನಾನು ಕಂಡಿಲ್ಲ.

ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರವಿರಲಿ, ಎಕರೆಗೆ ಐದು ಕಿಲೊ ಬೀಜ ಸಾಕು. ಗಿಡಗಳು ದಟ್ಟವಾಗಿದ್ದರೆ ಬೆಳಕಿಗಾಗಿ ಪೈಪೋಟಿ ಹೂಡಿ ಕವಲೊಡೆಯದೆ ನೆಟ್ಟಗೆ ಏರುತ್ತವೆ, ನಾರಿಗೆ ಬೇಕಾದುದೂ ಅದೇ. ಕೊಟ್ಟಿಗೆ ಗೊಬ್ಬರದ ಜೊತೆಗೆ ಎಕರೆಗೆ 16 ಕಿಲೊ ಸಾರಜನಕ, ತಲಾ 8 ಕಿಲೊ ರಂಜಕ ಮತ್ತು ಪೊಟ್ಯಾಷ್ ಕೊಡಬೇಕು. ಸಾರಜನಕದ ಅರ್ಧವನ್ನು ಕಳೆ ತೆಗೆದ ಬಳಿಕ ಮೇಲುಗೊಬ್ಬರವಾಗಿ ಹಾಕಿ. ಮೂರನೆಯ ವಾರದಲ್ಲಿ ಹೆಚ್ಚಾದ ಸಸಿಗಳನ್ನು ಕೀಳುವಾಗ ಅವನ್ನು ಬದುವಿಗೆ ಎಸೆಯದೆ ಸೂಡು ಕಟ್ಟಿ ಸಂತೆಗೆ ಕಳುಹಿಸಿದರೆ ಪುಂಡಿ ಸೊಪ್ಪಿನ ಹಣ ಕಳೆ ತೆಗೆಸಿದ ಕೂಲಿಗಾದರೂ ಒದಗುತ್ತದೆ. ಆದರೆ ಉಳಿಸಿಕೊಂಡ ಗಿಡಗಳ ಕುಡಿಯನ್ನು ಪಲ್ಯಕ್ಕೆಂದು ಚಿವುಟಲು ಯಾರಿಗೂ ಬಿಡಬೇಡಿ. ಕುಡಿ ಹೋದ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಕವಲೊಡೆದ ಕಡೆ ನಾರು ತುಂಡಾಗುತ್ತದೆ.

ಇಷ್ಟರವರೆಗಿನ ಕೆಲಸ ಸಜ್ಜೆ ಬೆಳೆದ ಕೈಗೆ ಕಷ್ಟವಲ್ಲ. ನಿಜವಾದ ಪ್ರಶ್ನೆ ಕೊಯ್ಲಿನ ನಂತರದ್ದು. ಅರ್ಧದಷ್ಟು ಗಿಡಗಳು ಹೂಬಿಟ್ಟಾಗ ಬುಡಕ್ಕೆ ಕೊಯ್ಯಬೇಕು. ಮೊದಲೇ ಕೊಯ್ದರೆ ನಾರು ಕಡಿಮೆ ಮತ್ತು ಬಲಹೀನ, ಕಾಯಿ ಬಲಿಯುವವರೆಗೆ ಬಿಟ್ಟರೆ ಒರಟು. ಕೊಯ್ದ ಗಿಡಗಳನ್ನು ಸಿವುಡು ಕಟ್ಟಿ ಮೂರು ನಾಲ್ಕು ದಿನ ಹೊಲದಲ್ಲೇ ಬಿಟ್ಟರೆ ಎಲೆ ಉದುರಿ ಮಣ್ಣಿಗೆ ಸೇರುತ್ತದೆ. ಆಮೇಲೆ ಸಿವುಡುಗಳ ಬುಡವನ್ನು ಎರಡಡಿ ನೀರಿನಲ್ಲಿ ಮೂರು ದಿನ ನಿಲ್ಲಿಸಿ, ನಂತರ ಅಡ್ಡ ಮಲಗಿಸಿ ಪೂರ್ತಿ ಮುಳುಗಿಸಬೇಕು. ಬುಡದ ತೊಗಟೆ ದಪ್ಪವಾದ್ದರಿಂದ ಅದಕ್ಕೆ ಈ ಮುಂಗಡ ಬೇಕು. ಇಲ್ಲವಾದರೆ ತುದಿ ಹದವಾಗುವ ಹೊತ್ತಿಗೆ ಬುಡ ಹಸಿಯಾಗಿಯೇ ಉಳಿದು, ನಾರಿನ ಕೆಳತುದಿಯಲ್ಲಿ ತೊಗಟೆ ಅಂಟಿಕೊಂಡು ದರ್ಜೆ ಇಳಿಯುತ್ತದೆ. ಸಿವುಡು ಮುಳುಗಿಸಲು ಮೇಲೆ ಮಣ್ಣಿನ ಹೆಂಟೆ ಅಥವಾ ಬಾಳೆಯ ದಿಂಡು ಹೇರುವ ರೂಢಿ ಹಲವೆಡೆ ಇದೆ. ಇದರಿಂದ ನಾರು ಕಪ್ಪಗಾಗಿ ಬೆಲೆ ಕಳೆದುಕೊಳ್ಳುತ್ತದೆ. ಕಲ್ಲು ತುಂಬಿದ ಚೀಲಗಳನ್ನು ಹೇರುವುದು ವಾಸಿ. ಹತ್ತನೆಯ ದಿನದಿಂದ ದಿನಕ್ಕೊಮ್ಮೆ ನಡುವಿನ ಸಿವುಡಿನಿಂದ ಒಂದು ಕಡ್ಡಿ ಎಳೆದು, ಬುಡದ ತೊಗಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ತೊಗಟೆ ಜಾರಿ, ಬಿಳಿಯ ಕಡ್ಡಿ ಸಲೀಸಾಗಿ ಹೊರಬಂದರೆ ಅದೇ ಹದ. ಎರಡು ದಿನ ತಡವಾದರೂ ನಾರು ಕೊಳೆತು ಎಳೆದಲ್ಲಿ ಹರಿಯುತ್ತದೆ.

ಈಗ ನಿಮ್ಮ ಹೊಂಡದ ಲೆಕ್ಕ. ನಾರು ಹಸಿ ಗಿಡದ ತೂಕದ ಶೇ 5ರಷ್ಟು ಮಾತ್ರ. ಒಳ್ಳೆಯ ಬೇಸಾಯದಲ್ಲಿ ಎಕರೆಗೆ ಎಂಟು ಕ್ವಿಂಟಲ್ ನಾರು ತೆಗೆದವರಿದ್ದಾರೆ. ಮಳೆಯಾಶ್ರಿತ ಮಸಾರಿಯಲ್ಲಿ ನೀವು ನಾಲ್ಕೈದು ಕ್ವಿಂಟಲ್ ಎಂದು ಹಿಡಿದುಕೊಳ್ಳುವುದು ಕ್ಷೇಮ. ಐದು ಕ್ವಿಂಟಲ್ ನಾರಿಗೆ ಹತ್ತು ಟನ್ ಹಸಿ ಗಿಡ ಬೇಕು. ನಿಂತ ನೀರಿನಲ್ಲಿ ಕೊಳೆಹಾಕಲು ಗಿಡದ ತೂಕದ ಇಪ್ಪತ್ತು ಪಟ್ಟು ನೀರಿರಬೇಕೆಂಬುದು ಶಿಫಾರಸು. ಅಲ್ಲಿಗೆ ಎರಡು ಲಕ್ಷ ಲೀಟರ್ ಆಯಿತು. ಹನ್ನೆರಡು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಹೊಂಡ ಕಂಠಮಟ್ಟ ತುಂಬಿದರೂ, ಗೋಡೆಗಳು ಇಳಿಜಾರಾಗಿರುವುದರಿಂದ ಅದರಲ್ಲಿ ನಿಲ್ಲುವುದು ಎರಡೂವರೆ ಲಕ್ಷ ಲೀಟರ್. ಅಂದರೆ ಒಂದು ಎಕರೆ ಪುಂಡಿ ನಿಮ್ಮ ಇಡೀ ಹೊಂಡವನ್ನು ಕೇಳುತ್ತದೆ, ಅದೂ ತೊಗರಿ ಹೂಬಿಟ್ಟು ಒಂದು ನೀರಿಗಾಗಿ ಕಾಯುವ ಅಕ್ಟೋಬರ್–ನವೆಂಬರ್‌ನಲ್ಲಿ. ಕೊಳೆಹಾಕಿದ ನೀರನ್ನು ಬೆಳೆಗೆ ಹಾಯಿಸಬಹುದು. ದನಕ್ಕೆ ಕುಡಿಸುವಂತಿಲ್ಲ, ಮೀನು ಬಿಟ್ಟಿದ್ದರೆ ಅವು ಉಸಿರುಗಟ್ಟಿ ಸಾಯುತ್ತವೆ. ತಾಡಪಾಲು ಹಾಸಿದ ಹೊಂಡವಾದರೆ ಕಡ್ಡಿಗಳು ತಿವಿದು ಅದು ಹರಿಯುವ ಭಯವೂ ಇದೆ.

ಇದಕ್ಕೆ ಒಂದು ದಾರಿಯೆಂದರೆ ಹಸಿ ಕಾಂಡದಿಂದ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ತೊಗಟೆಯನ್ನಷ್ಟೇ ಸುರುಳಿ ಸುತ್ತಿ ತೊಟ್ಟಿಯಲ್ಲಿ ನೆನೆಹಾಕುವುದು. ಇದರಲ್ಲಿ ನೀರು ಅರ್ಧಕ್ಕಿಂತ ಕಡಿಮೆ ಸಾಕು, ದಿನಗಳೂ ತಗ್ಗುತ್ತವೆ. ಪಶ್ಚಿಮ ಬಂಗಾಳದ ಬ್ಯಾರಕ್‌ಪುರದಲ್ಲಿರುವ ಕೇಂದ್ರೀಯ ಸೆಣಬು ಮತ್ತು ಸಂಬಂಧಿತ ನಾರು ಸಂಶೋಧನಾ ಸಂಸ್ಥೆ ತೊಗಟೆ ಸುಲಿಯುವ ಯಂತ್ರವನ್ನೂ, ಕೊಳೆಯುವಿಕೆಯನ್ನು ಚುರುಕುಗೊಳಿಸುವ ‘ಕ್ರೈಜಾಫ್ ಸೋನಾ’ ಎಂಬ ಸೂಕ್ಷ್ಮಜೀವಿಗಳ ಪುಡಿಯನ್ನೂ ರೂಪಿಸಿದೆ. ಯಂತ್ರವಿಲ್ಲದೆ ಕೈಯಿಂದ ಒಂದು ಎಕರೆಯ ತೊಗಟೆ ಸುಲಿಯುವ ಕೂಲಿಯನ್ನು ಮಾತ್ರ ಮೊದಲೇ ಲೆಕ್ಕ ಹಾಕಿಕೊಳ್ಳಿ; ಬಿತ್ತನೆಯ ಖರ್ಚಿಗಿಂತ ಅದೇ ದೊಡ್ಡದಾಗುತ್ತದೆ.

ಇನ್ನು ಕೊಳ್ಳುವವರು. ಸೆಣಬಿಗೆ ಕೇಂದ್ರ ಸರ್ಕಾರ ಪ್ರತಿವರ್ಷ ಬೆಂಬಲ ಬೆಲೆ ಘೋಷಿಸುತ್ತದೆ. ಮೆಸ್ತಾವನ್ನೂ ಸೇರಿಸಿ ಅದರ ಖರೀದಿಗೆಂದೇ 1971ರಲ್ಲಿ ಸ್ಥಾಪನೆಯಾದ ಭಾರತೀಯ ಸೆಣಬು ನಿಗಮವಿದೆ. ಆದರೆ ನಿಗಮದ ವ್ಯವಹಾರವೆಲ್ಲ ಮುಖ್ಯವಾಗಿ ಪೂರ್ವದ ರಾಜ್ಯಗಳು ಮತ್ತು ಆಂಧ್ರದಲ್ಲಿ. ನಾರು ಹಗುರ, ಲಾರಿ ಬೇಗ ತುಂಬುತ್ತದೆ. ಐದು ಕ್ವಿಂಟಲ್ ನಾರನ್ನು ಕೊಪ್ಪಳದಿಂದ ಶ್ರೀಕಾಕುಳಕ್ಕೆ ಒಯ್ದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಬೀಜ ಕೊಟ್ಟು ‘ನಾವೇ ಕೊಳ್ಳುತ್ತೇವೆ’ ಎನ್ನುವವರು ಬಂದರೆ ದರ, ದರ್ಜೆ, ಎತ್ತುವಳಿಯ ದಿನಾಂಕ ಮೂರನ್ನೂ ಬರಹದಲ್ಲಿ ಪಡೆಯದೆ ಬಿತ್ತಬೇಡಿ.

ಆದ್ದರಿಂದ ನಾಲ್ಕು ಎಕರೆಯನ್ನು ಇದಕ್ಕೆ ಒಪ್ಪಿಸುವುದನ್ನು ನಾನು ಒಪ್ಪಲಾರೆ. ಈ ವರ್ಷ ತೊಗರಿ ಹೊಲದ ಸುತ್ತ ನಾಲ್ಕಾರು ಸಾಲು ರೋಸೆಲ್ ಹಾಕಿ, ಎಳೆಯದರಲ್ಲಿ ಸೊಪ್ಪು ಮಾರಿ, ಉಳಿದುದರ ನಾರು ತೆಗೆದು ನೋಡಿ. ಹಗ್ಗ ಹೊಸೆಯುವವರು ಅಥವಾ ನಾರಿನ ಕರಕುಶಲ ವಸ್ತು ಮಾಡುವ ಮಹಿಳಾ ಸಂಘಗಳು ಹತ್ತಿರದಲ್ಲಿದ್ದರೆ ಆ ಮಾದರಿಯನ್ನು ತೋರಿಸಿ ದರ ಕೇಳಬಹುದು. ನಾರು ಬಿಟ್ಟ ಕಡ್ಡಿ ಒಲೆಗೂ ಬೇಲಿಗೂ ಆಗುತ್ತದೆ.

ಪ್ರಶ್ನೆ: ನಮ್ಮ ಕೈತೋಟದಲ್ಲಿ ಕೆಂಪು ದಾಸವಾಳವೂ, ಚಹಾಕ್ಕೆ ಬಳಸುವ ಕೆಂಪು ಪುಂಡಿಯೂ ಇವೆ. ಇವುಗಳಿಂದ ನಾರು ತೆಗೆಯಬಹುದೆ? (ಮೈಸೂರಿನ ಓದುಗರು)

ಉತ್ತರ: ತೆಗೆಯಲು ಬರುತ್ತದೆ, ಪ್ರಯೋಜನವಿಲ್ಲ. ಬೆಂಡೆಯೂ ಸೇರಿದಂತೆ ಈ ಕುಟುಂಬದ ಬಹಳಷ್ಟು ಗಿಡಗಳ ತೊಗಟೆಯಲ್ಲಿ ನಾರಿದೆ. ಅಂಗಳದ ದಾಸವಾಳ ಬಹುವಾರ್ಷಿಕ ಪೊದೆ. ಕವಲು ಹೆಚ್ಚು, ಕಾಂಡ ಮರದಂತೆ ಗಟ್ಟಿ. ಚಹಾದ ಪುಂಡಿ ರೋಸೆಲ್ ಜಾತಿಯದೇ ಆದರೂ ತಿರುಳಿರುವ ಕೆಂಪು ಪುಷ್ಪಪಾತ್ರೆಗಾಗಿ ಆರಿಸಿದ, ಗಿಡ್ಡಾಗಿ ಕವಲೊಡೆಯುವ ಬಗೆ. ನಾರಿನ ರೋಸೆಲ್‌ನಲ್ಲಿ ಆ ತಿರುಳಿರುವುದಿಲ್ಲ, ಗಿಡ ಕೋಲಿನಂತೆ ನೆಟ್ಟಗಿರುತ್ತದೆ. ಹೂವಿನ ತಿರುಳು ಕೊಯ್ದ ನಂತರ ಕಾಂಡದಿಂದ ಒಂದಿಷ್ಟು ಒರಟು ದಾರ ಸಿಗಬಹುದು. ಚಪ್ಪರಕ್ಕೆ ಬಳ್ಳಿ ಕಟ್ಟಲು ಅದು ಸಾಕು.

ಪ್ರಶ್ನೆ: ಕಲಬುರಗಿ ಜಿಲ್ಲೆಯ ನಮ್ಮ ಹೊಲದಲ್ಲಿ ಪುಂಡಿಯ ಎಲೆಯ ನರಗಳು ಹಳದಿಯಾಗುತ್ತಿವೆ, ಕೆಲವು ಗಿಡಗಳ ಬುಡ ಕಪ್ಪಾಗಿ ಮುರಿದು ಬೀಳುತ್ತಿವೆ. ಜೊತೆಗೆ, ಎಲೆ ನೋಡಿದ ದಾರಿಹೋಕರು ಗಾಂಜಾ ಎಂದು ಹೇಳಿ ಹೆದರಿಸುತ್ತಿದ್ದಾರೆ. ಪರವಾನಗಿ ಬೇಕೆ?

ಉತ್ತರ: ಇವು ಎರಡು ಬೇರೆ ಬೇರೆ ರೋಗಗಳು. ನರಗಳು ಹಳದಿಯಾಗಿ ಬಲೆಯಂತೆ ಕಾಣುವುದು ಬಿಳಿನೊಣ ಹರಡುವ ನಂಜುರೋಗ, ಅದಕ್ಕೆ ಔಷಧವಿಲ್ಲ. ಮೊದಲು ಕಂಡ ಗಿಡಗಳನ್ನು ಕಿತ್ತು ಹೂಳಿ, ಬಿಳಿನೊಣವನ್ನು ಬೇವಿನೆಣ್ಣೆಯಿಂದ ಹತೋಟಿಯಲ್ಲಿಡಿ, ಆ ಗಿಡಗಳ ಬೀಜವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಬುಡ ಕಪ್ಪಾಗುವುದು ನೀರು ನಿಂತಲ್ಲಿ ಹೆಚ್ಚುವ ಫೈಟಾಫ್ತೊರಾ ಕೊಳೆರೋಗ. ಯರಿ ಭೂಮಿಯಲ್ಲಿ ಬಸಿಗಾಲುವೆ ತೆಗೆಯುವುದೇ ಮೊದಲ ಚಿಕಿತ್ಸೆ. ಸುತ್ತಲಿನ ಗಿಡಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸುರಿಯಿರಿ, ಮುಂದಿನ ಬಾರಿ ಕಿಲೊ ಬೀಜಕ್ಕೆ 3 ಗ್ರಾಂ ಮ್ಯಾಂಕೊಜೆಬ್ ಲೇಪಿಸಿ ಬಿತ್ತಿ. ಹತ್ತಿ ಹೊಲದ ಪಕ್ಕದಲ್ಲಿ ಪುಂಡಿ ಹಾಕುವುದನ್ನೂ ತಪ್ಪಿಸಿ, ಎರಡಕ್ಕೂ ಬೀಳುವ ಕೀಟಗಳು ಹಲವು.

ಪರವಾನಗಿ ಬೇಕಿಲ್ಲ. ಕೆನಾಫ್‌ನ ಕೆಲವು ತಳಿಗಳ ಎಲೆ ಗಾಂಜಾ ಎಲೆಯನ್ನು ಹೋಲುತ್ತದೆಯಾದರೂ ಅದರಲ್ಲಿ ಅಮಲಿನ ಅಂಶವಿಲ್ಲ, ಮಾದಕವಸ್ತು ಕಾಯ್ದೆಗೂ ಅದಕ್ಕೂ ಸಂಬಂಧವಿಲ್ಲ. ಹತ್ತಿರದಿಂದ ನೋಡಿದರೆ ಕೆನಾಫ್‌ನ ಎಲೆ ಎಷ್ಟೇ ಸೀಳಿದ್ದರೂ ಬುಡದಲ್ಲಿ ಒಂದೇ ಎಲೆಯಾಗಿ ಕೂಡಿಕೊಂಡಿರುತ್ತದೆ. ಗಾಂಜಾದಲ್ಲಿ ಪ್ರತಿಯೊಂದು ಎಸಳೂ ಬಿಡಿಬಿಡಿಯಾಗಿ ತೊಟ್ಟಿನ ತುದಿಗೆ ಸೇರಿರುತ್ತದೆ. ಹೂ ಬಂದ ಮೇಲೆ ಅನುಮಾನವೇ ಉಳಿಯದು: ಕೆನೆಹಳದಿ ಎಸಳು, ನಡುವೆ ಕಡುಗೆಂಪು ಕಣ್ಣು, ಥೇಟ್ ದಾಸವಾಳವೇ.