ಮೋಸ ಹೋದ ಹುಡುಗನನ್ನು ಬೈಯಬೇಡಿ ಮೇಷ್ಟ್ರೇ

ಪತ್ರ: ನನ್ನ ಅಣ್ಣನ ಮಗ ಆನ್‌ಲೈನ್‌ನಲ್ಲಿ ಆರು ಸಾವಿರ ಕೊಟ್ಟು ಒಂದು ನಾಣ್ಯ ತರಿಸಿದ. ಒಂದು ಕಡೆ ಹನುಮಂತ, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ, 1818’. ಈಗ ನೋಡಿದರೆ ನಕಲಿಯಂತೆ. ತಿಳಿಯದೆ ಕೈ ಹಾಕುವವರಿಗೆ ಬುದ್ಧಿ ಬರುವುದೇ ಹೀಗೆ ಅಲ್ವಾ? ಇಂಥವರಿಗೆ ಪತ್ರಿಕೆ ಯಾಕೆ ಮರುಗಬೇಕು?
– ಒಬ್ಬ ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ದುಡ್ಡು ಕಳಿಸುವ ಮೊದಲು ನಾಲ್ಕು ಜನರನ್ನು ಕೇಳಬೇಕಿತ್ತು, ನಿಜ. ಅಷ್ಟನ್ನು ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ. ಈ ವಯಸ್ಸಿನಲ್ಲಿ ಹಳೆಯ ನಾಣ್ಯದ ಮೇಲೆ ಆಸೆ ಹುಟ್ಟುವುದೇ ಅಪರೂಪ. ಬೈದರೆ ಹುಡುಗ ಆ ಆಸೆಯನ್ನೇ ಬಿಡುತ್ತಾನೆ. ಮಾರಿದವನು ನಾಳೆ ಇನ್ನೊಬ್ಬನನ್ನು ಹಿಡಿಯುತ್ತಾನೆ.

ಆ ನಾಣ್ಯವನ್ನೇ ನೋಡಿ. ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ತಂದದ್ದು 1835ರಲ್ಲಿ. ಆಗ ತಾಮ್ರದಲ್ಲಿ ಬಂದವು ಅರ್ಧಾಣೆ, ಕಾಲಾಣೆ, ಪೈ. ಒಂದಾಣೆ ಬಿಲ್ಲೆ ಬಂದದ್ದು 1907ರಲ್ಲಿ, ಏಳನೇ ಎಡ್ವರ್ಡ್ ಕಾಲಕ್ಕೆ. ಅದು ತಾಮ್ರ-ನಿಕ್ಕಲ್ ಬೆರಕೆಯದು, ಅಂಚು ಅಲೆ ಅಲೆಯಾಗಿರುತ್ತದೆ. ಹನುಮಂತ ಬೇಕಿದ್ದರೆ ವಿಜಯನಗರದ ಹರಿಹರ, ಬುಕ್ಕರ ವರಹ ಅನ್ನುವ ಚಿನ್ನದ ನಾಣ್ಯದಲ್ಲಿದ್ದಾನೆ. ಅಂದರೆ ನಿಮ್ಮ ಹುಡುಗನ ಕೈಲಿರುವುದಕ್ಕೆ ಅಸಲಿ ಅನ್ನುವುದೇ ಇಲ್ಲ! ಯಾರೋ ಸುಮ್ನೆ ಕಟ್ಟಿ ಅಚ್ಚು ಹಾಕಿದ್ದು. ಇಂಥವನ್ನೇ ‘ಅಕ್ಕಿಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯ’ ಅಂತ ಹೇಳಿ ಲಕ್ಷಗಟ್ಟಲೆ ವಸೂಲಿ ಮಾಡುವವರೂ ಇದ್ದಾರೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಬೇಕಾಯಿತು. ಹಳೆ ನೋಟು, ನಾಣ್ಯದ ವ್ಯಾಪಾರದಲ್ಲಿ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಅಂತ ದುಡ್ಡು ಕೀಳುತ್ತಿದ್ದರು. ಇಷ್ಟು ಸಜ್ಜಾಗಿ ಬರುವವರ ಎದುರು ಹದಿಹರೆಯದ ಹುಡುಗ ಒಬ್ಬನೇ ನಿಲ್ಲಬೇಕೇ?

‘ಹೊಲ ಉಳುವಾಗ ಸಿಕ್ತು’ ಅನ್ನುವುದು ಇವರ ಇನ್ನೊಂದು ಮಾತು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಮಾರುವಂತಿಲ್ಲ. ನಮ್ಮ ರಾಜ್ಯದಲ್ಲಿ ಅದಕ್ಕೆ 1962ರ ಕಾಯ್ದೆಯೇ ಇದೆ. ಆ ಮಾತು ನಿಜವಾದರೆ ಮಾಲು ಕಳ್ಳಮಾಲು, ಸುಳ್ಳಾದರೆ ನಕಲಿ. ಎರಡರಲ್ಲೂ ಕೊಳ್ಳುವವನಿಗೇ ನಷ್ಟ.

ಕಳೆದ ವರ್ಷ ಒಂದು ನಾಣ್ಯ ಪ್ರದರ್ಶನದಲ್ಲಿ ಕಂಡದ್ದು ಹೇಳುತ್ತೇನೆ. ಹುಡುಗನೊಬ್ಬ ಟಿಪ್ಪು ಕಾಲದ್ದೆಂದು ಆನೆಯ ಪೈಸೆ ತಂದಿದ್ದ. ಮಳಿಗೆಯ ಹಿರಿಯರು ನಗಲಿಲ್ಲ. ತಮ್ಮ ಅಸಲಿ ಪೈಸೆಯನ್ನು ಅವನ ಇನ್ನೊಂದು ಅಂಗೈಗೆ ಹಾಕಿದರು. ‘ಅಂಚು ತಿರುಗಿಸಿ ನೋಡಪ್ಪ’ ಅಂದರು. ಹುಡುಗನದರಲ್ಲಿ ಅಂಚಿನ ಸುತ್ತ ಸಣ್ಣ ಗೆರೆ, ಅದರ ಮೇಲೆ ಅರ ಉಜ್ಜಿದ ಗುರುತು. ಆನೆಯ ಹೊಟ್ಟೆಯ ಕೆಳಗೆ ಸೂಜಿಮೊನೆಯಷ್ಟು ತೂತುಗಳು. ಅಂದರೆ ಲೋಹ ಕರಗಿಸಿ ಎರಕ ಹೊಯ್ದದ್ದು. ಟಿಪ್ಪು ಕಾಲದವರು ಎರಕ ಹೊಯ್ದಿರಲಿಲ್ಲ, ಅಚ್ಚಿನ ಮೇಲೆ ಸುತ್ತಿಗೆಯಲ್ಲಿ ಹೊಡೆದಿದ್ದರು. ಐದು ನಿಮಿಷದ ಪಾಠ ಅಷ್ಟೇ. ಆ ಹುಡುಗ ಇನ್ನು ಸುಲಭಕ್ಕೆ ಮೋಸ ಹೋಗಲಾರ.

ಅಂಥ ಹಿರಿಯರು ಎಷ್ಟು ಜನ ಇದ್ದಾರೆ ಹೇಳಿ? ಜಾಸ್ತಿ ಜನ ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಕೆಲವರು ತಮಗೆ ಗಂಟುಬಿದ್ದ ನಕಲಿಯನ್ನು ಹೊಸಬರಿಗೇ ದಾಟಿಸುತ್ತಾರೆ. ನನಗೆ ಸಿಟ್ಟು ಬರುವುದು ಇವರ ಮೇಲೆ. ವಸ್ತುಸಂಗ್ರಹಾಲಯಗಳ ಮೇಲೂ ಸಿಟ್ಟಿದೆ. ನಾನು ಹೋದ ಒಂದು ಊರಿನಲ್ಲಿ ನಾಣ್ಯಗಳ ಕೋಣೆಗೆ ಬೀಗ, ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿ. ವರಹ ಸುಮಾರು 3.4 ಗ್ರಾಂ ತೂಗುವ, ಉಗುರಿನಷ್ಟೇ ಅಗಲದ ನಾಣ್ಯ. ಅದನ್ನು ಕಣ್ಣಾರೆ ಕಾಣದ ಮಕ್ಕಳು ಮೊಬೈಲಿನಲ್ಲಿ ತೋರಿಸಿದ್ದನ್ನೇ ವರಹ ಅಂದುಕೊಳ್ಳುತ್ತಾರೆ. ಮೇಷ್ಟ್ರೇ, ನಿಮ್ಮ ಶಾಲೆಯಿಂದ ಹಂಪಿಗೆ ಪ್ರವಾಸ ಹೋದಾಗ ಕಮಲಾಪುರದ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದಿದ್ದಿರಾ? ಅಲ್ಲಿ ವಿಜಯನಗರದ ನಾಣ್ಯಗಳಿವೆ.

ಈಗ ಕೆಲಸದ ಮಾತು. ಮಾರಾಟದ ಪುಟ, ಮಾತುಕತೆ, ದುಡ್ಡು ಕಳಿಸಿದ ದಾಖಲೆ ಎಲ್ಲ ತೆಗೆದಿಡಲಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಜಾಲತಾಣದ ಮಾರಾಟಗಾರ ನಕಲಿ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದೂರಿನ ಕಾಗದ ಮಾತ್ರ ನೀವೇ ಬರೆದುಕೊಡಿ, ಹುಡುಗನ ಪಕ್ಕ ಕೂತು.