ಉಣುಗು ಹೆಕ್ಕಿದವರ ವಿದ್ಯೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ಮಗಳು ಎರಡು ಸಲ ನೀಟ್ ಬರೆದಳು. ಸರ್ಕಾರಿ ಎಂಬಿಬಿಎಸ್ ಸೀಟಿಗೆ ಬೇಕಾದಷ್ಟು ಅಂಕ ಬರಲಿಲ್ಲ. ತೋಟದ ಮೇಲೆ ಸಾಲ ಮಾಡಿಯಾದರೂ ಖಾಸಗಿ ಕಾಲೇಜಿಗೆ ಸೇರಿಸು, ಇಲ್ಲವೇ ಮೂರನೇ ಸಲ ಕೋಚಿಂಗಿಗೆ ಹಾಕು ಅಂತ ನೆಂಟರ ಒತ್ತಾಯ. ಇವಳು ನೋಡಿದರೆ ನಮಗೆ ಹೇಳದೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಬರೆದು ಬಂದಿದ್ದಾಳೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಯೋಮೆಡಿಕಲ್ ಸೈನ್ಸ್ ಬಿಎಸ್ಸಿ ಮಾಡ್ತಾಳಂತೆ. ಕಾಯಿಲೆ ಯಾಕೆ ಬರ್ತದೆ ಅಂತ ತಿಳೀಬೇಕಂತೆ. ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಈ ಓದಿನಿಂದ ಏನು ಪ್ರಯೋಜನ? ಅವಳಿಗೆ ನಾಲ್ಕು ಬುದ್ಧಿಮಾತು ಬರೆಯಿರಿ.”

ಪ್ರಿಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಾಲದ ಲೆಕ್ಕ ಒಂದು ಪುಟ, ನೆಂಟರ ಮಾತು ಎರಡು ಪುಟ, ಕೊಳೆರೋಗದಲ್ಲಿ ಉದುರಿದ ಅಡಿಕೆಯ ಕತೆ ಅರ್ಧ ಪುಟ. ಮಗಳ ಮಾತಿಗೆ ಸಿಕ್ಕಿದ್ದು ಒಂದೇ ಸಾಲು. ಆ ಒಂದು ಸಾಲಿಗಾಗಿಯೇ ಈ ಉತ್ತರ. ಬುದ್ಧಿಮಾತು ಬರೆಯುತ್ತೇನೆ, ಆದರೆ ವಿಳಾಸ ನಿಮ್ಮದು.

ಮೊದಲು ನಿಮ್ಮ ಭಯದ ವಿಚಾರ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಈ ಬಿಎಸ್ಸಿ ಮುಗಿಸಿದ ಮರುದಿನ ಕೈತುಂಬ ಸಂಬಳದ ಕೆಲಸ ಕಾದು ಕುಳಿತಿರುವುದಿಲ್ಲ. ರೋಗಿಗೆ ಮದ್ದು ಬರೆಯುವ ಹಕ್ಕೂ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎನ್ನುವುದು ಕಾನೂನಿನ ರಕ್ಷಣೆಯುಳ್ಳ ಹುದ್ದೆ, ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಈ ಓದಿಗೆ ಇನ್ನೂ ಅಂಥ ಮರ್ಯಾದೆ ಬಂದಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಬೇಗ ಕೆಲಸ ಬೇಕೆಂದರೆ ಲ್ಯಾಬ್ ಟೆಕ್ನಾಲಜಿ ಬಿಎಸ್ಸಿಯೇ ಹತ್ತಿರದ ದಾರಿ. ನಿಮ್ಮ ಭಾವಮೈದ ಕೇಳಿದರಂತಲ್ಲ, ಸ್ಕ್ಯಾನಿಂಗ್ ಮೆಷಿನ್ ರಿಪೇರಿ ಮಾಡೋ ಕೋರ್ಸಾ ಎಂದು; ಅದು ಬಯೋಮೆಡಿಕಲ್ ಇಂಜಿನಿಯರಿಂಗ್, ಬೇರೆಯೇ ಓದು. ಊರಿಗೆ ಡಾಕ್ಟರು ಬೇಕು ಎನ್ನುವುದನ್ನೂ ಒಪ್ಪುತ್ತೇನೆ. ಅಷ್ಟು ಒಪ್ಪಿ ಮುಂದೆ ಹೋಗುತ್ತೇನೆ.

ನೀವು ತೀರ್ಥಹಳ್ಳಿಯವರು. ಮಂಗನ ಕಾಯಿಲೆಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಸೊಪ್ಪಿನಬೆಟ್ಟದಲ್ಲೇ ಇದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಏಷ್ಯಾಕ್ಕೂ ಕಾಲಿಟ್ಟಿತೇ ಎಂದು ಲೋಕವೇ ಬೆಚ್ಚಿತು. ಪುಣೆಯಲ್ಲಿ 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಕಾಡಿಗೆ ಬಂತು. ತಂಡದ ಟೆಲ್ಫರ್ಡ್ ವರ್ಕ್ ವೈದ್ಯರು, ನಿಜ. ಆದರೆ ಜೊತೆಗಿದ್ದ ಹೆರಾಲ್ಡ್ ಟ್ರಪೀಡೊ ಪ್ರಾಣಿಶಾಸ್ತ್ರದವರು, ಟಿ. ರಾಮಚಂದ್ರ ರಾವ್ ಕೀಟಶಾಸ್ತ್ರದವರು. ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು, ಅದಕ್ಕೆ ಅಂಟಿದ ಸಾಸಿವೆಗಿಂತ ಸಣ್ಣ, ರಕ್ತ ಹೀರುವ ಉಣುಗುಗಳನ್ನು ಒಂದೊಂದೇ ಹೆಕ್ಕಿ, ಜಾತಿ ವಿಂಗಡಿಸಿ, ಅದರೊಳಗಿನ ವೈರಸ್ ಹುಡುಕಿದರು. ಅದು ಹಳದಿ ಜ್ವರದ ವೈರಸ್ ಆಗಿರಲಿಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ದಾಯಾದಿಯಾಗಿತ್ತು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಹೊತ್ತು ತಂದವೇ ಎಂದು ನೋಡಲು ಸಲೀಂ ಅಲಿ ಅವರ ಬಳಗ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಒಂದು ಜ್ವರದ ಬೆನ್ನು ಹತ್ತಿ ಎಲ್ಲಿಂದ ಎಲ್ಲಿಗೆ ಹೋದರು ನೋಡಿ! ನಿಮ್ಮ ಮಗಳು “ಕಾಯಿಲೆ ಯಾಕೆ ಬರ್ತದೆ” ಎಂದು ಕೇಳಿದಾಗ ಅವಳು ಕೇಳುತ್ತಿರುವುದು ಇದನ್ನೇ.

ನನ್ನ ಚಿಕ್ಕಪ್ಪ ತರಗೆಲೆ ಗುಡಿಸಲು ಬೆಟ್ಟಕ್ಕೆ ಹೋಗಿ ಬಂದ ವಾರದಲ್ಲೇ ಮಲಗಿದರು. ಡಾಕ್ಟರು ಒಳ್ಳೆಯವರು, ಎರಡು ಹೊತ್ತೂ ಮನೆಗೆ ಬಂದು ನೋಡುತ್ತಿದ್ದರು. ಆದರೆ ಅವರ ಕೈ ಕಟ್ಟಿತ್ತು. ರಕ್ತದ ಮಾದರಿ ದೂರದ ಊರಿಗೆ ಹೋಗಿ ಫಲಿತಾಂಶ ಬರಬೇಕು. ಅಲ್ಲಿಯ ತನಕ ಇದು ಮಂಗನ ಕಾಯಿಲೆಯೋ, ಇಲಿಜ್ವರವೋ, ಡೆಂಗೆಯೋ ಯಾರಿಗೂ ಗೊತ್ತಿಲ್ಲ. ಚಿಕ್ಕಮ್ಮ ದಿನವೂ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದುದು ಒಂದೇ ಮಾತು: “ರಿಪೋರ್ಟು ಬಂತಾ?” ಚಿಕ್ಕಪ್ಪ ಬದುಕಿದರು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಎದ್ದಾಗ ಎಷ್ಟೋ ಮನೆಗಳಿಗೆ ಆ ಭಾಗ್ಯವಿರಲಿಲ್ಲ.

ಆ ರಿಪೋರ್ಟಿನ ಹಿಂದೆ ಇರುವ ವಿದ್ಯೆಯೇ ನಿಮ್ಮ ಮಗಳು ಕೇಳುತ್ತಿರುವ ವಿದ್ಯೆ. ಜ್ವರ ಬಂದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಹುಡುಕಬೇಕು, ಅದಕ್ಕೆ ಪಿಸಿಆರ್. ದಿನ ಕಳೆದಂತೆ ವೈರಸ್ ರಕ್ತದಿಂದ ಮಾಯವಾಗುತ್ತದೆ. ಆಗ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕಬೇಕು, ಅದಕ್ಕೆ ಎಲಿಸಾ. ಯಾವ ದಿನ ಯಾವ ಪರೀಕ್ಷೆ, ಯಾಕೆ, ಪರೀಕ್ಷೆ ಎಲ್ಲಿ ತಪ್ಪಬಹುದು ಎಂದು ತಿಳಿಯಲು ಜೀವಕೋಶ, ಜೀವರಸಾಯನ, ಶರೀರಕ್ರಿಯೆ, ತಳಿಶಾಸ್ತ್ರ, ರೋಗನಿರೋಧಕ ಶಾಸ್ತ್ರ, ಔಷಧಶಾಸ್ತ್ರ ಎಲ್ಲವೂ ಬೇಕು. ಈ ಪದವಿಯ ಪಠ್ಯವೇ ಅದು. ನಮ್ಮ ಕಾಡಿನ ಜನಕ್ಕೆ ಕೊಡುತ್ತಿದ್ದ ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಕೈಬಿಟ್ಟಿದ್ದಾರೆ. ಹೊಸದನ್ನು ಯಾರು ಮಾಡಬೇಕು? ಮೂರನೇ ಸಲ ನೀಟ್ ಬರೆದು ಬರೆದು ಬೇಸತ್ತ ಮಕ್ಕಳೇ?

ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಎಂದು ಬರೆದಿರಿ. ನಮ್ಮ ಕಡೆ ಸರ್ಪಸುತ್ತು ಆದವರಿಗೆ ಇಂದು ಡಾಕ್ಟರು ಬರೆದುಕೊಡುವ ಎಸೈಕ್ಲೋವಿರ್ ಮಾತ್ರೆ ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದ ಕೊಡುಗೆ. ಹದಿನೈದರ ವಯಸ್ಸಿನಲ್ಲಿ ಅಜ್ಜ ಕ್ಯಾನ್ಸರಿನಿಂದ ಸತ್ತದ್ದನ್ನು ಕಂಡ ಹುಡುಗಿ. 1937ರಲ್ಲಿ ರಸಾಯನಶಾಸ್ತ್ರದ ಪದವಿ, ಆಮೇಲೊಂದು ಎಂಎಸ್ಸಿ, ಅಷ್ಟೇ. ಪಿಎಚ್‌ಡಿ ಮುಗಿಸಲಾಗಲಿಲ್ಲ. ಮಕ್ಕಳ ರಕ್ತಕ್ಯಾನ್ಸರಿಗೆ ಮದ್ದು, ಬದಲಿ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯುವ ಮದ್ದು, ಇವೂ ಆಕೆಯ ಕೆಲಸದಿಂದಲೇ ಬಂದವು. 1988ರಲ್ಲಿ ನೊಬೆಲ್ ಬಂತು. ಇನ್ನು ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಮದ್ರಾಸಿನಲ್ಲಿ ಖಾದಿ ಉಟ್ಟದ್ದಕ್ಕೆ ಪ್ರೊಫೆಸರರ ಸಿಟ್ಟಿಗೆ ಗುರಿಯಾಗಿ ಎಂಬಿಬಿಎಸ್ ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್ಎಂಎಸ್ ಸಿಕ್ಕಿತು. ಅಮೆರಿಕಕ್ಕೆ ಹೋಗಿ ಜೀವರಸಾಯನ ಹಿಡಿದರು. ಆನೆಕಾಲು ರೋಗ ತಡೆಯಲು ಮನೆಬಾಗಿಲಿಗೆ ಬಂದು ನುಂಗಿಸುತ್ತಾರಲ್ಲ, ಆ ಡಿಇಸಿ ಮಾತ್ರೆ ಅವರ ತಂಡದ್ದು.

ಇಷ್ಟೆಲ್ಲ ಇದ್ದೂ ನಮ್ಮ ಊರುಗಳಲ್ಲಿ ಬಿಎಸ್ಸಿ ಎಂದರೆ ಸೋತವರ ಸಾಲು ಯಾಕಾಯಿತು? ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 2024ರಲ್ಲಿ ನೀಟಿಗೆ ಹೆಸರು ಬರೆಸಿದವರು ಸುಮಾರು 24 ಲಕ್ಷ. ಆ ವರ್ಷ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಅಷ್ಟೂ ಮಕ್ಕಳಿಗೆ ಹದಿನೆಂಟನೇ ವಯಸ್ಸಿನಲ್ಲೇ ನೀನು ಸೋತೆ ಎಂದು ಹೇಳುವ ಸಮಾಜ ಎಂಥದ್ದು? ಪಿಯುಸಿ ಫಲಿತಾಂಶದ ದಿನ ಬಾಯಿಗೆ ಲಾಡು ತುರುಕಿದ ಫೋಟೊಗಳನ್ನು ಪತ್ರಿಕೆಗಳು ಪುಟಗಟ್ಟಲೆ ಹಾಕುತ್ತವೆ, ನಮ್ಮದೂ ಹಾಕಿದೆ. ಕೋಚಿಂಗ್ ಸೆಂಟರಿನ ಫ್ಲೆಕ್ಸು ಶಿವಮೊಗ್ಗದಿಂದ ಮಂಗಳೂರಿನವರೆಗೆ ರಸ್ತೆಯುದ್ದಕ್ಕೂ. ಇತ್ತ ವಿಜ್ಞಾನ ಕಾಲೇಜುಗಳಲ್ಲಿ ಪಾಠ ನಡೆಯುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ನಾನು ಓದಿದ ಕಾಲೇಜಿನಲ್ಲಿ ಸೂಕ್ಷ್ಮದರ್ಶಕಗಳಿಗೆ ಗಾಜಿನ ಬೀರು, ಬೀರುವಿಗೆ ಬೀಗ. ಮೂರು ವರ್ಷದಲ್ಲಿ ಎರಡೇ ಸಲ ಅದರೊಳಗೆ ಕಣ್ಣಿಟ್ಟಿದ್ದೇನೆ. ರೆಕಾರ್ಡನ್ನು ಸೀನಿಯರದ್ದು ನೋಡಿ ಬರೆದೆವು, ಅದಕ್ಕೂ ಹತ್ತಕ್ಕೆ ಹತ್ತು. ಹಾಗೆ ಕಲಿಸಿದ ಮೇಲೆ ಈ ಓದಿಗೆ ಬೆಲೆಯಿಲ್ಲ ಎಂದು ದೂರುವುದು ಯಾವ ನ್ಯಾಯ? ಸಂಶೋಧನೆಗೆ ಇಳಿದ ಮಕ್ಕಳ ಫೆಲೊಶಿಪ್ ಹಣವೂ ತಿಂಗಳುಗಟ್ಟಲೆ ತಡವಾಗುತ್ತದೆ, ಅವರು ಬೀದಿಗಿಳಿದು ಕೇಳಬೇಕಾಗುತ್ತದೆ. ನನ್ನ ಮಟ್ಟಿಗೆ ಇದು ದೇಶಕ್ಕೇ ನಾಚಿಕೆ.

ಇನ್ನೊಬ್ಬ ಹುಡುಗಿಯ ವಿಷಯ ಹೇಳದೆ ಇರಲಾರೆ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಮುಂಬೈಯಲ್ಲಿ ಬಿಎಸ್ಸಿ ಮುಗಿಸಿ ಬೆಂಗಳೂರಿನ ಈಗಿನ ಐಐಎಸ್‌ಸಿ, ಆಗಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಒಲ್ಲೆ ಎಂದರು. ಆಕೆ ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಷರತ್ತು ಹಾಕಿ ಒಂದು ವರ್ಷ ನೋಡೋಣ ಎಂದು ಸೇರಿಸಿಕೊಂಡರು. ಹಾಲಿನ, ಬೇಳೆಕಾಳಿನ ಪ್ರೋಟೀನುಗಳ ಮೇಲೆ ಆಕೆ ಮಾಡಿದ ಕೆಲಸ ಕಂಡ ಮೇಲೆ ಆ ಬಾಗಿಲು ಉಳಿದ ಹೆಣ್ಣುಮಕ್ಕಳಿಗೂ ತೆರೆಯಿತು. 1939ರ ಹೊತ್ತಿಗೆ ಕಮಲಾ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದಿದ್ದರು. ಅವರ ತಂದೆಯೂ ರಸಾಯನಶಾಸ್ತ್ರ ಓದಿದವರು, ಮಗಳ ಹಟ ಅವರಿಗೆ ಅರ್ಥವಾಗಿತ್ತು. ನಿಮಗೆ ಆ ಶಾಸ್ತ್ರ ಗೊತ್ತಿಲ್ಲದಿರಬಹುದು, ಉಣುಗು ಗೊತ್ತು.

ಇನ್ನು ನೀವು ಕೇಳಿದ ಲೆಕ್ಕ. ದೆಹಲಿ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸು ಆಚಾರ್ಯ ನರೇಂದ್ರ ದೇವ್, ಭಾಸ್ಕರಾಚಾರ್ಯ, ಶಹೀದ್ ರಾಜ್‌ಗುರು ಕಾಲೇಜುಗಳಲ್ಲಿದೆ. ಕೊನೆಯದು ಹೆಣ್ಣುಮಕ್ಕಳದೇ ಕಾಲೇಜು. ನಾಲ್ಕನೇ ವರ್ಷವನ್ನೂ ಓದಿ ಶೇಕಡಾ 75 ಪಡೆದರೆ ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು, ಸಂಶೋಧನೆ ಮಾಡುವವರಿಗೆ ಕೊಡುವ ಫೆಲೊಶಿಪ್ಪಾದ ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ತೋಟವನ್ನು ಬ್ಯಾಂಕಿಗೆ ಒತ್ತೆ ಇಡುವ ಪ್ರಮೇಯವಿಲ್ಲ.

ಸೀಟು ಹಂಚಿಕೆಯ ಪಟ್ಟಿ ಬಂದ ಮೇಲೆ ಒಪ್ಪಿಕೊಳ್ಳಲು ಸಿಗುವುದು ಕೆಲವೇ ದಿನ, ನೆಂಟರ ಸಭೆ ಸೇರಿಸಿ ಆ ದಿನಗಳನ್ನು ಕಳೆಯಬೇಡಿ. ಈ ಪತ್ರ ತಲುಪಿದ ಸಂಜೆ ಮಗಳನ್ನು ಜಗಲಿಯಲ್ಲಿ ಕೂರಿಸಿಕೊಂಡು, ಮಂಗನ ಕಾಯಿಲೆ ಉಣುಗಿನಿಂದ ಮನುಷ್ಯನಿಗೆ ಹೇಗೆ ಬರ್ತದೆ ಎಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ಮಧ್ಯೆ ಬಾಯಿ ಹಾಕಬೇಡಿ. ಡಿಸೆಂಬರಿನ ದೆಹಲಿಗೆ ನಮ್ಮ ಮಲೆನಾಡಿನ ಸ್ವೆಟರ್ ಸಾಲದು, ದಪ್ಪ ರಜಾಯಿ ಕೊಡಿಸಿ. ಮತ್ತೆ ಮುಂದಿನ ಪತ್ರ ಅವಳೇ ಬರೆಯಲಿ, ನಾಲ್ಕೂ ಪುಟ.